ತಡ್ಕೊಳ್ಳಿ, ಬರುತ್ತೆ

ಆ ತಪ್ಪು ನಡೆದದ್ದು ಒಂದು ಸೋಮವಾರ, ಊಟಕ್ಕೆ ಏಳುವ ಮುಂಚಿನ ಹತ್ತು ನಿಮಿಷದಲ್ಲಿ. ಹೊಟ್ಟೆ ಹಸಿದಿತ್ತು ಎಂಬುದನ್ನು ಬಿಟ್ಟರೆ ಅವನ ಪರವಾಗಿ ಹೇಳಲು ಬೇರೇನೂ ಇಲ್ಲ.

ಅವನು ಕೆಲಸ ಮಾಡುತ್ತಿದ್ದುದು ಒಂದು ಧ್ವನಿ ಕೇಂದ್ರದಲ್ಲಿ. ಗಂಟಲಿನ ಕಾಯಿಲೆ ಬಂದು ಇನ್ನು ಕೆಲವೇ ದಿನಗಳಲ್ಲಿ ಮಾತು ಕಳೆದುಕೊಳ್ಳಲಿರುವವರು ಅಲ್ಲಿಗೆ ಬಂದು, ಗೋಡೆಗೆಲ್ಲ ದಪ್ಪ ಸ್ಪಂಜು ಹೊಡೆದ ಕೋಣೆಯಲ್ಲಿ ಕೂತು, ಸಾವಿರದಿನ್ನೂರು ವಾಕ್ಯ ಓದಿ ಹೋಗುತ್ತಾರೆ. ಆ ವಾಕ್ಯಗಳನ್ನು ಬಿಡಿಸಿ, ಜೋಡಿಸಿ, ಅವರಿಗೊಂದು ಧ್ವನಿ ಕಟ್ಟಿಕೊಡುತ್ತಾರೆ. ಆಮೇಲೆ ಅವರು ಟ್ಯಾಬಿನಲ್ಲಿ ಏನು ಟೈಪ್ ಮಾಡಿದರೂ ಅದು ಅವರದೇ ಧ್ವನಿಯಲ್ಲಿ ಮಾತಾಡುತ್ತದೆ. ಓದಿಸುವವರು, ಕಟ್ಟುವವರು, ಡಾಕ್ಟರು ಎಲ್ಲ ಮೇಲಿನ ಮಹಡಿಯಲ್ಲಿ. ಇವನು ಮಾತ್ರ ನೆಲಮಾಳಿಗೆಯಲ್ಲಿ, ಕಂಪ್ಯೂಟರುಗಳ ಯೋಗಕ್ಷೇಮ ನೋಡಿಕೊಂಡು.

ಇವನ ಮೇಜಿನ ಪಕ್ಕದಲ್ಲೇ, ಗಾಜಿನ ಬಾಗಿಲಿನ ಆಚೆ, ಕೇಂದ್ರಕ್ಕೆ ಬಂದವರ ಧ್ವನಿಯನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡ ಸಂಗ್ರಹದ ಯಂತ್ರ ಕೂತಿತ್ತು. ಹದಿನಾಲ್ಕು ವರ್ಷ ಹಳೆಯದು. ಎಲ್ಲರೂ ಅದನ್ನು ಅಜ್ಜಿ ಎನ್ನುತ್ತಿದ್ದರು. ಅಜ್ಜಿಯ ಫೋಲ್ಡರುಗಳನ್ನು ನೆಟ್‌ವರ್ಕಿನ ಮೂಲಕ ಮೇಲಿನ ಪ್ರತಿ ಕಂಪ್ಯೂಟರಿಗೂ ಮೌಂಟ್ ಮಾಡಿತ್ತು. ಅಂದರೆ ಮೇಲೆ ಕೂತವರಿಗೆ ಅದು ತಮ್ಮ ಕೋಣೆಯದೇ ಕಪಾಟಿನಂತೆ ಕಾಣುತ್ತದೆ, ಬಾಗಿಲು ತೆರೆದು ಇಡಬಹುದು, ತೆಗೆಯಬಹುದು. ಇಟ್ಟದ್ದು ಬಂದು ಬೀಳುವುದು ಮಾತ್ರ ನೆಲಮಾಳಿಗೆಯಲ್ಲಿ. ಕೋಣೆಯ ಕಂಪ್ಯೂಟರಿನಲ್ಲಿ ರೋಗಿಯ ಒಂದು ಕೆಮ್ಮು ಕೂಡ ಉಳಿಯಬಾರದೆಂಬುದು ಕಟ್ಟುನಿಟ್ಟಿನ ನಿಯಮ. ಹಿಂದೊಮ್ಮೆ ಗುಜರಿಗೆ ಹಾಕಿದ ಕಂಪ್ಯೂಟರಿನಲ್ಲಿ ಯಾರದೋ ಧ್ವನಿ ಸಿಕ್ಕಿ ದೊಡ್ಡ ರಂಪವಾಗಿತ್ತು.

ಅಜ್ಜಿಗೆ ದಿನಕ್ಕೆ ನಾಲ್ಕಾರು ಸಲ ಮಂಕು ಕವಿಯುತ್ತಿತ್ತು. ಕರೆದರೆ ಓಗೊಡುತ್ತಿರಲಿಲ್ಲ. ಆಗ ಮೇಲಿನ ಕಂಪ್ಯೂಟರುಗಳೆಲ್ಲ ಇದ್ದಲ್ಲೇ ಮರಗಟ್ಟಿ ನಿಲ್ಲುತ್ತಿದ್ದವು. ಮೌಂಟ್ ಮಾಡುವುದರಲ್ಲಿ ಎರಡು ಬಗೆ. ಒಂದು ಹಾರ್ಡ್: ಅತ್ತಲಿಂದ ಉತ್ತರ ಬರುವ ತನಕ ಬಿಡದೆ ಕೇಳುತ್ತಲೇ ಇರುವುದು, ಗಂಟೆಯಾಗಲಿ ದಿನವಾಗಲಿ. ಇನ್ನೊಂದು ಸಾಫ್ಟ್: ಎರಡು ಮೂರು ಸಲ ಕೇಳುವುದು, ಉತ್ತರ ಬಾರದಿದ್ದರೆ ಆಗಲಿಲ್ಲ ಎಂದು ಹೇಳಿ ತನ್ನ ದಾರಿ ಹಿಡಿಯುವುದು. ಇವನು ಎಲ್ಲವನ್ನೂ ಹಾರ್ಡ್ ಇಟ್ಟಿದ್ದ. ಮೇಲಿನವರು ಫೋನ್ ಮಾಡಿ ಹಿಡಿಶಾಪ ಹಾಕುತ್ತಿದ್ದರು, ಇವನು ಎಲ್ಲರಿಗೂ ಒಂದೇ ಉತ್ತರ ಹೇಳುತ್ತಿದ್ದ.

"ತಡ್ಕೊಳ್ಳಿ, ಬರುತ್ತೆ."

ಬರುತ್ತಲೂ ಇತ್ತು. ಮೂರೋ ನಾಲ್ಕೋ ನಿಮಿಷಕ್ಕೆ ಅಜ್ಜಿ ಕಣ್ಣು ಬಿಡುತ್ತಿದ್ದಳು, ನಿಂತದ್ದೆಲ್ಲ ನಿಂತಲ್ಲಿಂದ ಮುಂದೆ ಹೋಗುತ್ತಿತ್ತು, ಒಂದು ಉಸಿರೂ ಕಳೆಯುತ್ತಿರಲಿಲ್ಲ. ಆದರೆ ಏನೂ ಕಳೆಯಲಿಲ್ಲ ಎಂದು ಯಾರಾದರೂ ಯಾರ ಬೆನ್ನನ್ನಾದರೂ ತಟ್ಟಿದ್ದುಂಟೇ? ಕಾಯಿಸಿದ್ದಷ್ಟೇ ಜನಕ್ಕೆ ನೆನಪಿರುವುದು. ಕೊನೆಗೆ ಅವನ ಹೆಸರೇ ತಡ್ಕೊಳ್ಳಿ ಎಂದಾಯಿತು. "ತಡ್ಕೊಳ್ಳಿ ಸಾರ್ ಬಂದ್ರು, ತಡ್ಕೊಳ್ಳಿ ಸಾರ್ ಊಟಕ್ಕೆ ಹೋದ್ರು" ಎಂದು ಎದುರಿಗೇ ನಗುತ್ತಿದ್ದರು. ಅವನಿಗೆ ಅದು ಚುಚ್ಚುತ್ತಿತ್ತು, ತೋರಿಸಿಕೊಳ್ಳುತ್ತಿರಲಿಲ್ಲ.

ಆ ಸೋಮವಾರ ದೊಡ್ಡ ಡಾಕ್ಟರು ಯಾರೋ ಅತಿಥಿಗಳನ್ನು ಕರೆತಂದಿದ್ದರು. ಮುಂಬಾಗಿಲ ಹತ್ತಿರ ಗೋಡೆಗೊಂದು ಪರದೆ, ಅದರಲ್ಲಿ ಕೇಂದ್ರದ ಚಿತ್ರಗಳು ಒಂದಾದ ಮೇಲೊಂದು ಬರಬೇಕು. ಚಿತ್ರಗಳೂ ಅಜ್ಜಿಯ ಹತ್ತಿರವೇ ಇದ್ದವು. ಸರಿಯಾಗಿ ಅತಿಥಿಗಳು ಒಳಗೆ ಕಾಲಿಟ್ಟಾಗ ಅಜ್ಜಿಗೆ ಮಂಕು ಕವಿದು, ಪರದೆಯ ಮೇಲೆ ದೊಡ್ಡ ಡಾಕ್ಟರ ಅರ್ಧ ಮುಖ ಬಂದು ನಿಂತುಬಿಟ್ಟಿತು. ಮಿಕ್ಕರ್ಧ ಬರಲು ಐದು ನಿಮಿಷ ಹಿಡಿಯಿತು. ಅತಿಥಿಗಳು ಅಷ್ಟು ಹೊತ್ತೂ ಸಭ್ಯರಾಗಿ ಆ ಅರ್ಧ ಮುಖವನ್ನೇ ನೋಡಿದರು.

"ಇದೊಂದು ಸರಿ ಮಾಡೋಕೆ ಆಗಲ್ವಾ ನಿಮಗೆ?" ಎಂದು ಡಾಕ್ಟರು ಫೋನಿನಲ್ಲಿ ಸಿಡುಕಿದರು.

ಆಗುತ್ತಿತ್ತು. ಚಿತ್ರಗಳ ಫೋಲ್ಡರು ಬರೀ ಓದುವುದಕ್ಕೆ. ಅದನ್ನು ಸಾಫ್ಟ್ ಮಾಡಿದರೆ ನಷ್ಟವಿಲ್ಲ, ಒಂದು ಚಿತ್ರ ಬಾರದಿದ್ದರೆ ಮುಂದಿನದು ಬರುತ್ತದೆ. ಬರೆಯುವ ಕಡೆ ಮಾತ್ರ ಸಾಫ್ಟ್ ಕೂಡದು, ಬರೆಯುತ್ತಿರುವುದು ಅರ್ಧದಲ್ಲಿ ಬಿದ್ದುಹೋಗುತ್ತದೆ. ಇದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಮೌಂಟಿನ ಕಟ್ಟಲೆಗಳನ್ನೆಲ್ಲ ಬರೆದಿಡುವ ಫೈಲಿನ ತಲೆಯಲ್ಲಿ ಅವನೇ ಆರು ವರ್ಷದ ಹಿಂದೆ ಒಂದು ಸಾಲು ಬರೆದಿದ್ದ: "ಬರೆಯುವ ಫೋಲ್ಡರಿಗೆ ಯಾವ ಕಾರಣಕ್ಕೂ ಸಾಫ್ಟ್ ಹಾಕಬೇಡಿ." ಆ ಫೈಲು ತೆರೆಯುವವನು ಅವನೊಬ್ಬನೇ. ತನಗೆ ತಾನೇ ಹೇಳಿಕೊಂಡಿದ್ದ.

ಆ ಫೈಲಿನ ರೀತಿ ಹೀಗೆ. ಮೊದಲು, ಎಲ್ಲ ಫೋಲ್ಡರಿಗೂ ಅನ್ವಯಿಸುವ ಭಾಗ, ಅದಕ್ಕೊಂದು ಶೀರ್ಷಿಕೆ. ಅದರ ಕೆಳಗೆ ಇಂಥ ಫೋಲ್ಡರಿಗೆ ಮಾತ್ರ ಎಂಬ ಭಾಗಗಳು, ಒಂದೊಂದಕ್ಕೂ ಒಂದೊಂದು ಶೀರ್ಷಿಕೆ. ಬೇಡದ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಹಾಕಿಟ್ಟರೆ ಯಂತ್ರ ಆ ಸಾಲನ್ನು ಓದುವುದಿಲ್ಲ, ಅದು ಇದ್ದೂ ಇಲ್ಲದಂತೆ. ಚಿತ್ರಗಳ ಫೋಲ್ಡರಿನ ಭಾಗ ಹೀಗೆ ಪೂರ್ತಿ ಹ್ಯಾಶ್ ಹಾಕಿಕೊಂಡು ಮಲಗಿತ್ತು. ಅವನು ಸಾಫ್ಟ್ ಎಂಬ ಸಾಲಿನ ಹ್ಯಾಶ್ ಅಳಿಸಿದ. ಎಷ್ಟು ಸಲ ಕೇಳಬೇಕು, ಎಷ್ಟು ಹೊತ್ತು ಕಾಯಬೇಕು ಎಂಬ ಸಾಲುಗಳ ಹ್ಯಾಶನ್ನೂ ಅಳಿಸಿದ. ಅವುಗಳ ನೆತ್ತಿಯ ಮೇಲಿದ್ದ ಶೀರ್ಷಿಕೆಯ ಹ್ಯಾಶ್ ಹಾಗೇ ಉಳಿಯಿತು.

ಕಣ್ಣಿಗೆ ಎಲ್ಲ ಸರಿಯಾಗಿತ್ತು. ಶೀರ್ಷಿಕೆ ಇತ್ತು, ಕೆಳಗೆ ಸಾಲುಗಳಿದ್ದವು. ಆದರೆ ಯಂತ್ರಕ್ಕೆ ಆ ಶೀರ್ಷಿಕೆ ಕಾಣಲಿಲ್ಲ. ಅದು ಸಾಲುಗಳನ್ನು ಮೇಲಿನ ಭಾಗಕ್ಕೆ, ಎಲ್ಲದಕ್ಕೂ ಅನ್ವಯಿಸುವ ಭಾಗಕ್ಕೆ, ಸೇರಿಸಿಕೊಂಡಿತು. ಕೇಂದ್ರದ ಎಲ್ಲ ಫೋಲ್ಡರುಗಳೂ ಸಾಫ್ಟ್ ಆದವು, ಧ್ವನಿಯ ಫೋಲ್ಡರೂ ಸೇರಿ. ಫೈಲನ್ನು ಎಲ್ಲ ಕಂಪ್ಯೂಟರಿಗೂ ಕಳಿಸಿ, ಮುಂಬಾಗಿಲ ಕಂಪ್ಯೂಟರಿನಲ್ಲಿ ಒಮ್ಮೆ ನೋಡಿದ. ಚಿತ್ರಗಳ ಫೋಲ್ಡರು ಸಾಫ್ಟ್ ಎಂದೇ ತೋರಿಸಿತು. ಬೇರೆ ಕಡೆ ನೋಡಲಿಲ್ಲ. ಊಟಕ್ಕೆ ಹೋದ.

ಮರುದಿನದಿಂದ ಫೋನು ಬರುವುದೇ ನಿಂತುಹೋಯಿತು. ಪರದೆ ನಿಲ್ಲಲಿಲ್ಲ, ಕೋಣೆಗಳು ಮರಗಟ್ಟಲಿಲ್ಲ. ದೊಡ್ಡ ಡಾಕ್ಟರು ಮೆಟ್ಟಿಲಲ್ಲಿ ಸಿಕ್ಕಾಗ "ಈಗ ನೋಡಿ, ಹೀಗಿರ್ಬೇಕು" ಎಂದರು. ಓದಿಸುವ ಹುಡುಗಿ ಅವನಿಗೆ ಒಂದು ತುಂಡು ಕೇಕು ತಂದುಕೊಟ್ಟು, "ಇನ್ಮೇಲೆ ನಿಮಗೆ ಬೇರೆ ಹೆಸರು ಹುಡುಕ್ಬೇಕು ಸಾರ್" ಎಂದಳು. ಚಿತ್ರದ ಫೋಲ್ಡರೊಂದನ್ನು ಬದಲಿಸಿದರೆ ಕೋಣೆಗಳೆಲ್ಲ ಏಕೆ ಚುರುಕಾಗಬೇಕು ಎಂದು ಅವನು ಕೇಳಿಕೊಳ್ಳಬೇಕಿತ್ತು. ಹೊಗಳಿಕೆಗೆ ಹಸಿದ ಮನುಷ್ಯ, ಕೇಕು ತಿಂದ.

ಬುಧವಾರ ಅಜ್ಜಿಯ ಒಂದು ಡಿಸ್ಕು ಕೆಟ್ಟಿತು. ಹೊಸದನ್ನು ಹಾಕಿದ. ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ತುಂಬಿಸಿಕೊಳ್ಳಲು ಅಜ್ಜಿಗೆ ಒಂಬತ್ತು ದಿನ ಬೇಕಿತ್ತು, ಅಷ್ಟು ದಿನವೂ ಅವಳಿಗೆ ಮಂಕು ಕವಿಯುವುದು ಗಂಟೆಗೆ ಹತ್ತಾರು ಸಲವಾಯಿತು.

ಗುರುವಾರ ಅವನ ಅಕ್ಕ ಕೇಂದ್ರಕ್ಕೆ ಓದಲು ಬಂದಳು.

ಅಕ್ಕ ಊರಿನ ಈಜುಕೊಳದಲ್ಲಿ ಕಲಿಸುವವಳು, ಇಪ್ಪತ್ತೆರಡು ವರ್ಷದಿಂದ. ಬೆಳಗಿನ ತಂಡ ಅವಳದು: ನಲವತ್ತು ದಾಟಿದ, ನೀರು ಕಂಡರೆ ಜೀವ ಬಾಯಿಗೆ ಬರುವ ಹೆಂಗಸರು. ಅವರು ಕೊಳದ ಅಂಚಿನ ಕಂಬಿಯನ್ನು ಕಚ್ಚಿ ಹಿಡಿದಿರುತ್ತಾರೆ. ಅಕ್ಕ ಅವರ ಬೆನ್ನ ಹಿಂದೆ ಒಂದು ಮಾರು ದೂರದಲ್ಲಿ ನಿಂತು, ಮುಟ್ಟದೆ, "ನಾನಿದೀನಿ, ಕೈ ಬಿಡು" ಎನ್ನುತ್ತಾಳೆ. ಅಷ್ಟೇ. ಆ ಧ್ವನಿಯಲ್ಲಿ ಅದೇನಿತ್ತೋ, ಕೈ ತಾನಾಗಿ ಕಂಬಿ ಬಿಡುತ್ತಿತ್ತು. ಅವನಿಗೂ ಏಳನೇ ವಯಸ್ಸಿನಲ್ಲಿ ಹಾಗೇ ಕೈ ಬಿಡಿಸಿದ್ದಳು. ತಾಯಿ ಹೋದ ಮೇಲೆ ಅವನಿಗೆ ಉಣಿಸಿದ್ದು, ಓದಿಸಿದ್ದು, ಬೈದದ್ದು ಎಲ್ಲ ಆ ಧ್ವನಿಯೇ. ಬೈಯುವುದರಲ್ಲಿ ಅಕ್ಕ ಎತ್ತಿದ ಕೈ. ಶುರು ಮಾಡಿದರೆ ಪೂರ್ತಿ ಮುಗಿಸಿಯೇ ನಿಲ್ಲಿಸುವವಳು. ಅವನು ತಲೆ ತಗ್ಗಿಸಿ, ಕಾಲಿನ ಹೆಬ್ಬೆರಳು ನೋಡುತ್ತಾ ಕೇಳಿಸಿಕೊಳ್ಳುತ್ತಿದ್ದ. ನಲವತ್ತೊಂದಾದರೂ ಹಾಗೆಯೇ.

ಅವಳ ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಇನ್ನು ಉಸಿರಾಟ ಕತ್ತಿನಲ್ಲಿ ಮಾಡುವ ತೂತಿನಿಂದ ಎಂದು ಆಸ್ಪತ್ರೆಯ ಡಾಕ್ಟರು ಎರಡು ವಾರ ಮೊದಲೇ ಹೇಳಿದ್ದರು. ತೂತಿಗೆ ನೀರು ಹೋದರೆ ನೇರ ಶ್ವಾಸಕೋಶಕ್ಕೆ. ಕೊಳಕ್ಕಿಳಿಯುವುದು ಜೀವಮಾನಕ್ಕೆ ಮುಗಿಯಿತು. ಮಾತು ಹೋಗುತ್ತದೆ ಎಂದಾಗ ಗಟ್ಟಿಯಾಗಿ ಕೂತಿದ್ದವಳು ನೀರು ಹೋಗುತ್ತದೆ ಎಂದಾಗ ಎರಡು ದಿನ ಅತ್ತಳು. ಮೂರನೆಯ ದಿನ ಅವನು ಧ್ವನಿ ಕೇಂದ್ರದ ವಿಷಯ ಬಿಡಿಸಿ ಹೇಳಿದ.

"ಅಂದ್ರೆ ದಡದ ಮೇಲೆ ನಿಂತು ಕೂಗ್ಬೋದಾ?"

"ಟೈಪ್ ಮಾಡಿದ್ರೆ ಆಯ್ತು. ಟ್ಯಾಬಿಗೆ ಒಂದು ಸ್ಪೀಕರು ಹಾಕ್ಕೊಡ್ತೀನಿ."

"ನನ್ನ ಧ್ವನೀನೇ ಬರುತ್ತೇನೋ? ಬೇರೆ ಯಾವಳದ್ದೋ ಬರಲ್ವಲ್ಲ?"

"ನಿಂದೇ ಅಕ್ಕ. ಬೈಗುಳ ಕೂಡ ನಿಂದೇ ಥರ ಬರುತ್ತೆ."

ಅಕ್ಕ ಕಣ್ಣೊರೆಸಿಕೊಂಡು ನಕ್ಕಳು. ಕೊಳದ ಮ್ಯಾನೇಜರನ್ನು ಕಂಡು ಬಂದಳು. ದಡದಿಂದ ಕೂಗಿ ಕಲಿಸುವುದಾದರೆ ಕೆಲಸ ನಿನ್ನದೇ ಎಂದು ಮ್ಯಾನೇಜರು ಮಾತು ಕೊಟ್ಟರು. ಅಲ್ಲಿಗೆ ಅವಳ ಮುಂದಿನ ಬದುಕೆಲ್ಲ ಆ ಸಾವಿರದಿನ್ನೂರು ವಾಕ್ಯಗಳ ಮೇಲೆ ನಿಂತಿತು.

ಆ ಗುರುವಾರದಿಂದ ಎಂಟು ದಿನ ಓದಿದಳು. ಗಂಟಲು ಆಗಲೇ ನೋಯುತ್ತಿತ್ತು, ವಾಕ್ಯಕ್ಕೊಮ್ಮೆ ಬಿಸಿನೀರು ಗುಟುಕರಿಸುತ್ತಿದ್ದಳು. ಓದಬೇಕಾದ ವಾಕ್ಯಗಳೋ, ಎಲ್ಲ ಅಕ್ಷರಗಳ ಸದ್ದೂ ಬರಲೆಂದು ಯಾರೋ ಕೂತು ಹೆಣೆದವು: "ಹಳದಿ ಚೀಲದಲ್ಲಿ ಏಳು ಗುಂಡಿಗಳಿವೆ." "ಒಣಗಿದ ಛತ್ರಿಯನ್ನು ಮೂರನೇ ಗೂಟಕ್ಕೆ ಸಿಕ್ಕಿಸು." ಸಂಜೆ ಅವನ ಜೊತೆ ಮನೆಗೆ ಹೋಗುವಾಗ ಅಕ್ಕ ಕೆಳದನಿಯಲ್ಲಿ, "ಯಾರೋ ಹೀಗೆಲ್ಲಾ ಮಾತಾಡೋದು? ಛತ್ರಿ ಒಣಗಿದ್ರೆ ನನಗೇನಾಗ್ಬೇಕು?" ಎಂದು ನಗುತ್ತಿದ್ದಳು.

ಒಂದೊಂದು ವಾಕ್ಯ ಮುಗಿದಾಗಲೂ ಓದಿಸುವ ಹುಡುಗಿ ಅದನ್ನು ಹಾಕಿ ಕೇಳುತ್ತಿದ್ದಳು. ಸ್ಪಷ್ಟವಾಗಿರುತ್ತಿತ್ತು. ಏಕೆಂದರೆ ಕಂಪ್ಯೂಟರು ಆಗಷ್ಟೇ ಕೇಳಿದ್ದನ್ನು ತನ್ನ ನೆನಪಿನಿಂದ ಹೇಳುತ್ತಿತ್ತು. ಅದು ಕೆಳಗೆ ಅಜ್ಜಿಗೆ ತಲುಪಿತೇ ಇಲ್ಲವೇ ಎಂಬುದು ಬೇರೆ ಮಾತು. ಕಂಪ್ಯೂಟರು ಎರಡು ಸಲ ಕೇಳುತ್ತಿತ್ತು, ಅಜ್ಜಿ ಓಗೊಡುತ್ತಿರಲಿಲ್ಲ, ಕಂಪ್ಯೂಟರು ಕೈಚೆಲ್ಲುತ್ತಿತ್ತು. ಆಗಲಿಲ್ಲ ಎಂದು ಅದು ರೆಕಾರ್ಡಿಂಗ್ ಪ್ರೋಗ್ರಾಮಿಗೆ ಹೇಳುತ್ತಲೂ ಇತ್ತು. ಆ ಪ್ರೋಗ್ರಾಮು ಬರೆದ ಪುಣ್ಯಾತ್ಮನಿಗೆ ಅದನ್ನು ಕೇಳಿಸಿಕೊಳ್ಳಬೇಕೆಂದು ಹೊಳೆದಿರಲಿಲ್ಲ. ಪರದೆಯ ಮೇಲೆ ಹಸಿರು ಗುರುತು ಬೀಳುತ್ತಿತ್ತು, ಹುಡುಗಿ ಮುಂದಿನ ವಾಕ್ಯ ತೆಗೆಯುತ್ತಿದ್ದಳು.

ಒಂಬತ್ತನೆಯ ದಿನ ಅಕ್ಕ ಆಸ್ಪತ್ರೆ ಸೇರಿದಳು. ಆಪರೇಷನ್ನಿಗೆ ಒಳಗೆ ಕರೆದೊಯ್ಯುವಾಗ ಅವನ ಕೆನ್ನೆ ಹಿಂಡಿ, "ಇನ್ನು ಸ್ವಲ್ಪ ದಿನ ನಿನಗೆ ಬೈಗುಳ ರಜಾ ಕಣೋ" ಎಂದಳು. ಅವಳ ಬಾಯಿಂದ ಅವನು ಕೇಳಿದ ಕೊನೆಯ ಮಾತು ಅದು.

ಅಕ್ಕನ ಧ್ವನಿ ಕಟ್ಟಬೇಕಿದ್ದವರನ್ನು ಕೇಂದ್ರದಲ್ಲಿ ಕನ್ನಡಕ ಎಂದು ಕರೆಯುತ್ತಿದ್ದರು. ಎರಡು ಕನ್ನಡಕ ಇಟ್ಟುಕೊಂಡು ಎರಡನ್ನೂ ಹುಡುಕುತ್ತಿರುವ ಮನುಷ್ಯ. ಕೆಳಗೆ ಇಳಿದು ಬಂದವರೇ ಅಲ್ಲ. ಮೂರು ವಾರದ ನಂತರ ಒಂದು ಬೆಳಿಗ್ಗೆ ಅವರು ನೆಲಮಾಳಿಗೆಯ ಬಾಗಿಲಲ್ಲಿ ನಿಂತಿದ್ದನ್ನು ಕಂಡು ಅವನು ಕುರ್ಚಿಯಿಂದ ಎದ್ದ.

"ನಿಮ್ಮ ಅಕ್ಕನ ಫೈಲು ಒಂದ್ಸಲ ನೋಡ್ತೀರಾ ಸಾರ್? ನನ್ನ ಕಡೇನೇ ಏನೋ ಎಡವಟ್ಟಾಗಿರ್ಬೇಕು."

ಒಂದನ್ನು ತೆರೆದ. ಹೆಸರು ಸರಿ, ತಾರೀಕು ಸರಿ, ಆರು ಸೆಕೆಂಡಿನ ಉದ್ದವೂ ಸರಿ. ಧ್ವನಿಯ ಏರಿಳಿತ ಇರಬೇಕಾದ ಕಡೆ ಎಳೆದು ಕಟ್ಟಿದ ದಾರದಂತೆ ಒಂದು ಗೆರೆ. ಸದ್ದಿಲ್ಲ. ಇನ್ನೊಂದು ತೆರೆದ. ಅದರಲ್ಲಿ "ಹಳ" ಎಂಬಷ್ಟು ಇತ್ತು, ಮಿಕ್ಕದ್ದು ಗೆರೆ. ಮತ್ತೊಂದು, ಮತ್ತೊಂದು. ಹತ್ತನೆಯದಕ್ಕೆ ಮೌಸು ಬಿಟ್ಟು ಕುರ್ಚಿ ಹಿಂದಕ್ಕೆ ಸರಿಸಿದ. ಉಳಿದದ್ದನ್ನು ಕನ್ನಡಕವೇ ತೆರೆದರು, ಒಂದೊಂದಕ್ಕೂ "ಇದೂ ಇಲ್ಲ" ಎನ್ನುತ್ತಾ. ಕೊನೆಗೆ ಲೆಕ್ಕ ಸಿಕ್ಕಿತು: ಪೂರ್ತಿ ಉಳಿದವು ಅರವತ್ತಮೂರು ವಾಕ್ಯ.

"ಅರವತ್ತಮೂರರಲ್ಲಿ ಕಟ್ಟೋಕಾಗುತ್ತಾ?"

"ನಾನೂರಾದ್ರೂ ಬೇಕು ಸಾರ್" ಎಂದು ಕನ್ನಡಕ ನೆಲ ನೋಡಿದರು.

ಮೊದಲು ಅವನಿಗೆ ಅಜ್ಜಿಯ ಮೇಲೆ ಪಿತ್ತ ನೆತ್ತಿಗೇರಿತು. ಗಾಜಿನ ಬಾಗಿಲಿಗೆ ಗುದ್ದಿದ. ಆಮೇಲೆ ಓದಿಸುವ ಕೋಣೆಯ ಕಂಪ್ಯೂಟರಿನ ದಿನಚರಿ ತೆಗೆದ. ಕಂಪ್ಯೂಟರು ತನಗೆ ಆದದ್ದನ್ನೆಲ್ಲ ಅಲ್ಲಿ ಬರೆದಿಟ್ಟುಕೊಳ್ಳುತ್ತದೆ, ಯಾರೂ ಓದುವುದಿಲ್ಲ. ಹಿಂದೆಲ್ಲ ಅಜ್ಜಿ ಮಂಕಾದಾಗ ಅಲ್ಲಿ ಬೀಳುತ್ತಿದ್ದ ಸಾಲು: ಉತ್ತರ ಬರುತ್ತಿಲ್ಲ, ಇನ್ನೂ ಪ್ರಯತ್ನಿಸುತ್ತಿದೆ. ಈಗ ಆ ಎಂಟು ದಿನಗಳಲ್ಲಿ ಸಾವಿರಗಟ್ಟಲೆ ಸಾಲು ಬಿದ್ದಿತ್ತು, ಎಲ್ಲ ಬೇರೆ ಥರ: ಉತ್ತರ ಬರುತ್ತಿಲ್ಲ, ಸಮಯ ಮೀರಿತು. ಉತ್ತರ ಬರುತ್ತಿಲ್ಲ, ಸಮಯ ಮೀರಿತು. ಅಷ್ಟು ಓದಿದ ಮೇಲೆ ಅವನಿಗೆ ಇನ್ನು ಹುಡುಕಬೇಕಾದ್ದೇನೂ ಇರಲಿಲ್ಲ. ಆದರೂ ಕಟ್ಟಲೆಯ ಫೈಲು ತೆರೆದ. ತಲೆಯಲ್ಲಿ ಅವನದೇ ಬುದ್ಧಿವಾದದ ಸಾಲು. ಕೆಳಗೆ, ಶೀರ್ಷಿಕೆಯ ಮುಂದೆ, ಆ ಹ್ಯಾಶ್.

ಅದನ್ನು ಅಳಿಸಿದ. ಒಂದು ಒತ್ತು, ಅರೆಕ್ಷಣದ ಕೆಲಸ. ಎಲ್ಲ ಸರಿಹೋಯಿತು, ಮೇಲೆ ಕೋಣೆಗಳು ಮತ್ತೆ ಕಾಯತೊಡಗಿದವು. ಅವನು ತಲೆಯ ಮೇಲೆ ಕೈ ಹೊತ್ತು ಕೂತ.

ಬ್ಯಾಕಪ್ಪು ನೋಡಿದ; ಅದು ಖಾಲಿ ಫೈಲುಗಳನ್ನೇ ಚಾಚೂ ತಪ್ಪದೆ ನಕಲು ಮಾಡಿಟ್ಟಿತ್ತು. ತನ್ನ ಫೋನು ಜಾಲಾಡಿದ. ಅಕ್ಕ ಧ್ವನಿ ಸಂದೇಶ ಕಳಿಸುವವಳಲ್ಲ, ನೇರ ಕರೆ ಮಾಡಿ ಬೈದು ಇಡುವವಳು. ಈಜುಕೊಳದ ಹಳೆಯ ವಿಡಿಯೊ ಒಂದು ಸಿಕ್ಕಿತು. ಅದರ ತುಂಬ ನೀರಿನ ಸದ್ದು, ಸೀಟಿ, ಯಾರದೋ ಕಿರುಚಾಟ. ಅದರಾಚೆ ಎಲ್ಲೋ ಅಕ್ಕ. ಆ ದಿನಗಳಲ್ಲಿ ಇನ್ನೊಬ್ಬರೂ ಓದಿದ್ದರು, ಆದರೆ ಅವರ ಆಪರೇಷನ್ನು ಇನ್ನೂ ಆಗಿರಲಿಲ್ಲ, ಕರೆಸಿ ಮತ್ತೆ ಓದಿಸಿದರು. ಅಕ್ಕನನ್ನು ಮತ್ತೆ ಓದಿಸುವುದು ಎಲ್ಲಿಂದ? ಕನ್ನಡಕ ಪಾಪ ಉಳಿದ ಅರವತ್ತಮೂರರಲ್ಲೇ ಏನೋ ಕಟ್ಟಿ ಕೇಳಿಸಿದರು. ಒಂದು ಹೆಂಗಸಿನ ಧ್ವನಿ ಬಂತು, ಒಡೆದು, ಜಾರಿ, ಅಕ್ಕನನ್ನು ಗೋಡೆಯಾಚೆಯಿಂದ ಒಮ್ಮೆ ಕೇಳಿದ್ದ ಯಾರೋ ಅಣಕಿಸಿದ ಹಾಗೆ. "ಬೇಡ, ನಿಲ್ಸಿ" ಎಂದ.

ಅರವತ್ತಮೂರನ್ನೂ ಅವನು ಮತ್ತೆ ಮತ್ತೆ ಕೇಳಿದ. ಒಂದರ ಕೊನೆಯಲ್ಲಿ, ಛತ್ರಿಯೋ ಗೂಟವೋ ಮುಗಿದ ಮೇಲೆ, ಅಕ್ಕ ಹುಡುಗಿಯನ್ನು ಕೇಳಿದ್ದು ಸಿಕ್ಕಿಬಿದ್ದಿತ್ತು. "ಸರಿ ಬಂತೇನಮ್ಮ? ಇಲ್ಲಾಂದ್ರೆ ಇನ್ನೊಂದ್ಸಲ ಹೇಳ್ತೀನಿ."

ಅದನ್ನು ಕೇಳಿ ಅವನು ನೆಲಮಾಳಿಗೆಯಲ್ಲಿ ಒಬ್ಬನೇ ಗೊಳೋ ಎಂದು ಅತ್ತುಬಿಟ್ಟ.

ದೊಡ್ಡ ಡಾಕ್ಟರು ಕೆಟ್ಟವರೇನಲ್ಲ. ಕರೆಸಿ ಕೂರಿಸಿಕೊಂಡು, ಬಾಗಿಲು ಮುಚ್ಚಿ ಹೇಳಿದರು. "ಹಳೇ ಯಂತ್ರ, ಡಿಸ್ಕು ಕೆಟ್ಟಿತ್ತು. ಹಾಗಂತ ಬರೀರಿ. ನಿಮ್ಮ ಅಕ್ಕಂಗೂ ಹಾಗೇ ಹೇಳಿ. ಸುಳ್ಳೇನಲ್ವಲ್ಲ?"

ಸುಳ್ಳಲ್ಲ, ಡಿಸ್ಕು ಕೆಟ್ಟಿತ್ತು. ಹಾರ್ಡ್ ಆಗಿದ್ದಿದ್ದರೆ ಅಕ್ಕ ಎಂಟು ದಿನದ ಬದಲು ಹದಿನಾರು ದಿನ ಕೂರಬೇಕಾಗುತ್ತಿತ್ತು, ಗಳಿಗೆಗೊಮ್ಮೆ ಕಾಯಬೇಕಾಗುತ್ತಿತ್ತು, ಆದರೆ ಒಂದು ಅಕ್ಷರ ಹೋಗುತ್ತಿರಲಿಲ್ಲ. ಅವನಿಗೆ ಅದು ಗೊತ್ತಿತ್ತು, ಡಾಕ್ಟರಿಗೆ ಗೊತ್ತಿರಲಿಲ್ಲ. ತಲೆಯಾಡಿಸಿ ಎದ್ದು ಬಂದ.

ಆ ವಾರ ಹೇಳಿಬಿಡಬೇಕೆಂದೇ ಕೊಳಕ್ಕೆ ಹೋದ. ಅಕ್ಕ ಆಸ್ಪತ್ರೆಯಿಂದ ಬಂದು ನಾಲ್ಕೇ ದಿನಕ್ಕೆ ಅಲ್ಲಿ ಹೋಗಿ ಕೂರಲು ಶುರು ಮಾಡಿದ್ದಳು, ನೀರಿನಿಂದ ದೂರ, ಗೋಡೆಗೊರಗಿದ ಬೆಂಚಿನ ಮೇಲೆ. ಕತ್ತಿಗೆ ತೆಳು ಬಟ್ಟೆ ಕಟ್ಟಿತ್ತು. ಉಸಿರಾಡಿದಾಗ ಆ ಬಟ್ಟೆ ಸಣ್ಣಗೆ ಹಾರುತ್ತಿತ್ತು. ತೊಡೆಯ ಮೇಲೆ ಸ್ಲೇಟು. ಟ್ಯಾಬನ್ನು ಹನಿ ಬೀಳದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಪಕ್ಕದಲ್ಲಿಟ್ಟುಕೊಂಡಿದ್ದಳು, ಚಾರ್ಜು ಪೂರ್ತಿ. ಅದರಲ್ಲಿ ತಾನು ಹೇಳಬೇಕಾದ ಮಾತುಗಳನ್ನೆಲ್ಲ ಆಗಲೇ ಬರೆದಿಟ್ಟಿದ್ದಳು. ಕೈ ಚಾಚು. ತಲೆ ಒಳಗೆ. ಉಸಿರು ಬಿಡು, ಹಿಡ್ಕೋಬೇಡ. ನೀರು ನಿನ್ನ ತಿನ್ನಲ್ಲ. ಎಲ್ಲಕ್ಕೂ ಮೇಲೆ: ನಾನಿದೀನಿ, ಕೈ ಬಿಡು. ಅವನಿಗೆ ಒಂದೊಂದೇ ತೋರಿಸಿದಳು, ಮುಖದಲ್ಲಿ ಪರೀಕ್ಷೆಗೆ ಓದಿಕೊಂಡವಳ ಹೆಮ್ಮೆ. ಆಮೇಲೆ ಸ್ಲೇಟಿನಲ್ಲಿ ಬರೆದಳು. "ಯಾವಾಗ ಬರುತ್ತೆ?"

ಅವನ ನಾಲಿಗೆ ಹಳೆಯ ಚಾಳಿಗೆ ಬಿತ್ತು.

"ತಡ್ಕೋ ಅಕ್ಕ, ಬರುತ್ತೆ."

ಅಕ್ಕ ತಲೆಯಾಡಿಸಿ, ಸ್ಲೇಟು ಒರೆಸಿ, "ಅವಸರ ಇಲ್ಲ" ಎಂದು ಬರೆದಳು. ಖಾಲಿ ಫೈಲಿನ ಮೇಲೆ ಹಸಿರು ಗುರುತು ಹಾಕುವುದೆಂದರೆ ಇದೇ ಎಂದು ದಾರಿಯುದ್ದಕ್ಕೂ ಅವನು ತನಗೆ ತಾನೇ ಉಗಿದುಕೊಂಡ. ಉಗಿದುಕೊಂಡದ್ದರಿಂದ ಏನಾಯಿತು? ಮತ್ತೆ ಒಂಬತ್ತು ದಿನ ಕೊಳದ ಕಡೆ ತಲೆಯೇ ಹಾಕಲಿಲ್ಲ. ಅಕ್ಕನಿಂದ ದಿನಾ ಬೆಳಿಗ್ಗೆ ಫೋನಿಗೆ ಒಂದೇ ಪದ ಬರುತ್ತಿತ್ತು: "ಬಂತಾ?" ಅವನು ದಿನಾ "ಇನ್ನೂ ಇಲ್ಲ" ಎಂದು ಬರೆಯುತ್ತಿದ್ದ. ಇನ್ನೂ ಎಂಬ ಪದವನ್ನು ಒಮ್ಮೆ ಅಳಿಸುತ್ತಿದ್ದ, ಮತ್ತೆ ಬರೆಯುತ್ತಿದ್ದ.

ಹತ್ತನೆಯ ದಿನ ಹೋದಾಗ ಬೆಳಗಿನ ತಂಡ ಇನ್ನೂ ನೀರಿನಲ್ಲಿತ್ತು. ಅಕ್ಕನ ಜಾಗಕ್ಕೆ ತಾತ್ಕಾಲಿಕವಾಗಿ ಬಂದವಳು ಸೀಟಿ ಊದಿ ಊದಿ ಸುಸ್ತಾಗಿದ್ದಳು. ಆಳದ ಕಡೆ ಒಬ್ಬ ದಪ್ಪನೆಯ ಹೆಂಗಸು ಕಂಬಿ ಹಿಡಿದು ಜೋತುಬಿದ್ದಿದ್ದಳು. ಅಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ಟ್ಯಾಬು ಎತ್ತಿಕೊಂಡು ಅಂಚಿನ ತನಕ ಹೋಗಿ, ಮೊದಲಿನ ಸಾಲನ್ನು ಒತ್ತಿದಳು. ಟ್ಯಾಬು ತನ್ನ ಜೊತೆಗೇ ಬಂದಿದ್ದ ಧ್ವನಿಯಲ್ಲಿ, ಫೋನಿನಲ್ಲಿ ದಯವಿಟ್ಟು ನಿರೀಕ್ಷಿಸಿ ಎನ್ನುವವಳ ಹಾಗೆ, ನುಣ್ಣಗೆ ಹೇಳಿತು: "ನಾನಿದೀನಿ, ಕೈ ಬಿಡು." ಹೆಂಗಸು ಬೆಚ್ಚಿ ಅತ್ತಿತ್ತ ನೋಡಿದಳು. ಯಾರು ಹೇಳಿದ್ದೆಂದು ಗೊತ್ತಾಗಲಿಲ್ಲ. ಕಂಬಿಯನ್ನು ಇನ್ನೊಂದು ಕೈಯಿಂದಲೂ ಹಿಡಿದಳು.

ಅಕ್ಕ ತಿರುಗಿದಾಗ ಅವನು ಹಿಂದೆಯೇ ನಿಂತಿದ್ದ. ನೋಡಿದೆಯಾ ಎಂಬಂತೆ ಹುಬ್ಬೇರಿಸಿ, ನಕ್ಕು, ಸ್ಲೇಟಿನಲ್ಲಿ ಬರೆದಳು. "ಪರವಾಗಿಲ್ಲ. ನಂದು ಬಂದ್ಮೇಲೆ ಬಿಡ್ತಾಳೆ."

ಅಲ್ಲಿಗೆ ಅವನ ತಾಳ್ಮೆಯೂ ಹೇಡಿತನವೂ ಒಟ್ಟಿಗೇ ಮುಗಿದವು.

"ಬರಲ್ಲ ಅಕ್ಕ."

ಅವಳಿಗೆ ಅರ್ಥವಾಗಲಿಲ್ಲ. ಇನ್ನೂ ನಗುತ್ತಲೇ ಇದ್ದಳು.

"ನಿನ್ನ ಧ್ವನಿ ಇಲ್ಲ. ಹೋಯ್ತು. ನೀನು ಓದಿದ್ದು ಯಾವುದೂ ಉಳಿದಿಲ್ಲ, ಅರವತ್ತಮೂರು ಬಿಟ್ಟು. ಅದ್ರಲ್ಲಿ ಕಟ್ಟೋಕಾಗಲ್ಲ. ಎರಡು ವಾರದಿಂದ ಗೊತ್ತು ನನಗೆ."

ನಗು ಮುಖದ ಮೇಲೆ ಇದ್ದ ಹಾಗೇ ನಿಂತಿತು. ಅವಳು ನಿಧಾನವಾಗಿ ಬೆಂಚಿಗೆ ಹೋಗಿ ಕೂತಳು. ಸ್ಲೇಟು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಕೊನೆಗೆ ಬರೆದಳು. "ಮೆಷಿನ್ ಕೆಟ್ಟಿತ್ತಾ?"

ದೊಡ್ಡ ಡಾಕ್ಟರು ಕೊಟ್ಟ ಉತ್ತರ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಹೂಂ ಅಂದರೆ ಸಾಕಿತ್ತು.

"ನಾನು ಮಾಡಿದ್ದು. ಫೈಲಲ್ಲಿ ಒಂದು ಗುರುತು ಅಳಿಸೋದು ಬಿಟ್ಟೆ. ಅಳಿಸಿದ್ರೆ ಕಂಪ್ಯೂಟರು ಕಾಯ್ತಿತ್ತು. ಕಾಯ್ಲಿಲ್ಲ. ನಾನೇ ಅಕ್ಕ, ಬೇರೆ ಯಾರೂ ಅಲ್ಲ."

ಅಕ್ಕ ಅವನನ್ನು ನೋಡಿದಳು. ಸ್ಲೇಟನ್ನು ಬೆಂಚಿನ ಮೇಲೆ ಕವುಚಿ ಹಾಕಿದಳು. ಎದ್ದು ನಿಂತಳು. ಬೆರಳು ಅವನ ಮೂಗಿನ ನೇರಕ್ಕೆ ಬಂತು, ಬಾಯಿ ತೆರೆಯಿತು, ಅಕ್ಕ ಬೈಯತೊಡಗಿದಳು.

ಇಪ್ಪತ್ತೆರಡು ವರ್ಷ ಕೊಳದ ಆಚೆ ದಡಕ್ಕೆ ಕೇಳುವಂತೆ ಬೈದ ಬಾಯಿ ಅದು. ತುಟಿ ಅದೇ ರಭಸದಲ್ಲಿ ಆಡಿತು, ಕತ್ತಿನ ನರ ಉಬ್ಬಿತು, ಕಣ್ಣು ಕೆಂಪಾಗಿ ನೀರು ಸುರಿಯಿತು. ಕತ್ತಿನ ಬಟ್ಟೆ ಪಟಪಟ ಹಾರಿತು. ಸದ್ದು ಮಾತ್ರ ಇರಲಿಲ್ಲ. ಒಂದು ಮಾತು "ಲೋ" ಇರಬಹುದು, ಒಂದು "ಅಮ್ಮ" ಇರಬಹುದು. ಮಿಕ್ಕದ್ದು ಒಂದೂ ತಿಳಿಯಲಿಲ್ಲ. ನೀರಿನಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಇತ್ತ ತಿರುಗಿದರು. ಅಕ್ಕ ನಿಲ್ಲಿಸಲಿಲ್ಲ. ಯಾವತ್ತಿನ ಬೈಗುಳ ಎಷ್ಟು ಉದ್ದವೋ ಇದೂ ಅಷ್ಟೇ ಉದ್ದವಿತ್ತು.

ಅಕ್ಕ ಬೈಯುವಾಗ ಅವನು ಯಾವತ್ತೂ ತಲೆ ತಗ್ಗಿಸಿ ಹೆಬ್ಬೆರಳು ನೋಡಿಕೊಂಡು ನಿಲ್ಲುವವನು. ಈಗ ತಲೆ ತಗ್ಗಿಸಿದರೆ ಅಷ್ಟೂ ಇಲ್ಲವಾಗುತ್ತಿತ್ತು. ಅವನು ಅವಳ ಮುಖವನ್ನೇ ನೋಡುತ್ತಾ, ಮುಗಿಯುವ ತನಕ ನಿಂತ.